ಹಳೇ ಪೆಟ್ಟಿಗೆ, ಹೊಸ ಡಿಸ್ಕು, ನಡುವೆ ಮಾವನವರು

ಹಾನಗಲ್ಲಿನ ನಮ್ಮ ಮಾವನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಿರಾಣಿ ಚೀಟಿಯಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅವರಿಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಹೋಗಿ ಹೋಗಿ ಅಂಥವರ ಮನೆಯ ನ್ಯಾಸ್ ಪೆಟ್ಟಿಗೆಗೇ 3 ಟಿಬಿ ಡಿಸ್ಕನ್ನು ನುಂಗಿ 746 ಜಿಬಿ ಎಂದು ತೋರಿಸುವ ಬುದ್ಧಿ ಬರಬೇಕೆ?

“ಅಳಿಯಾರ, ಮೂರು ಸಾವಿರ ಐತಿ ಅಂತ ಹೇಳಿ ಕೊಟ್ಟಾನ. ಮನಿಗೆ ತಂದು ಹಾಕಿದ್ರ ಏಳನೂರಾ ನಲವತ್ತಾರು. ಉಳದದ್ದು ಹುಬ್ಬಳ್ಳ್ಯಾಗ ಅಂಗಡ್ಯಾಂವನ ಕಡೇನ ಉಳೀತೋ, ಬಸ್ಸಿನ್ಯಾಗ ಸೋರಿ ಹೋತೋ?”

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವ ಅಳಿಯನೆಂದರೆ ಆ ಮನೆಯಲ್ಲಿ ಮಿಕ್ಸರಿನಿಂದ ಮೋಡೆಮ್ಮಿನವರೆಗೆ ಎಲ್ಲಕ್ಕೂ ನಾನೇ ಜವಾಬ್ದಾರ. ಇದಕ್ಕೂ ಆದೆ.

ಪೆಟ್ಟಿಗೆಯ ಪರಿಚಯ ಮೊದಲು ಆಗಿಬಿಡಲಿ. ಟಿವಿ ಸ್ಟ್ಯಾಂಡಿನ ಕೆಳಗೆ ಹಗಲೂ ರಾತ್ರಿ ಗುಂಯ್ ಎನ್ನುತ್ತ ಕೂತಿರುವ, ಎರಡು ಡಿಸ್ಕು ಹಿಡಿಸುವ ಕರಿ ಡಬ್ಬಿ ಅದು. ಒಂದು ವೈರು ರೂಟರಿಗೆ. ಮನೆಯ ಯಾವ ಮೊಬೈಲಿನಿಂದಲೂ, ಟಿವಿಯಿಂದಲೂ ಅದರೊಳಗಿನ ಫೋಟೋ ವಿಡಿಯೋ ತೆಗೆಯಬಹುದು. ಒಂದು ಡಿಸ್ಕಿನಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ಮನೆತನ ನಡೆಸಬೇಕು. 2010ರ ಸುಮಾರಿಗೆ ಕೊಂಡದ್ದು. ಆಗ 2 ಟಿಬಿ ಅಂದರೆ ಬಲು ದೊಡ್ಡ ಡಿಸ್ಕು. “ಇದು ತುಂಬೋದ್ರಾಗ ನಾ ಮ್ಯಾಲ ಹೋಗಿರ್ತೀನಿ” ಅಂದಿದ್ದರು ಮಾವನವರು. ದೇವರ ದಯೆ, ಮಾವನವರು ಗಟ್ಟಿಮುಟ್ಟಾಗಿದ್ದಾರೆ. ಡಿಸ್ಕೇ ತುಂಬಿತು.

ತುಂಬಿಸಿದವರ ಹೆಸರು ಹೇಳಿದರೆ ಮುಂದಿನ ಪಂಚಮಿಗೆ ನನಗೆ ಉಂಡಿ ಸಿಗುವುದಿಲ್ಲ. ಊರು ಮಾತ್ರ ಹೇಳುತ್ತೇನೆ. ಒಬ್ಬ ಸವಣೂರಿನವ, ಅತ್ತೆಯವರ ಅಣ್ಣನ ಮಗ, ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಊರೂರು ಓಡಿಸಿ ವಿಡಿಯೋ ಮಾಡುವುದು ಅವನ ಪರಿಣತಿ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕಲ್ಲಿನ ಕಮಲ ಅರಳಿದ ಛತ್ತಿನ ಕೆಳಗೆ ನಿಲ್ಲಿಸುತ್ತಾನೆ, ಸವಣೂರಿನ ದೊಡ್ಡಹುಣಸೆ ಮಠದ ಆ ದೈತ್ಯ ಬಾವೊಬಾಬ್ ಮರಗಳಿಗೆ ಒರಗಿಸುತ್ತಾನೆ, ಶಿಗ್ಗಾಂವಿ ದಾಟಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿ ಸಿಮೆಂಟಿನ ಎತ್ತುಗಳ ನಡುವೆ ನಗಿಸುತ್ತಾನೆ. ಎಲ್ಲವೂ 4ಕೆ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಅರಿಶಿಣದಿಂದ ಅಕ್ಷತೆವರೆಗೆ ಎಂಟು ಗಂಟೆ ಅಂದರೆ ಒಂದು ಮದುವೆಗೆ 720 ಜಿಬಿ. 2 ಟಿಬಿಯಲ್ಲಿ ಮೂರನೆಯ ಮದುವೆಯ ಊಟ ಹಿಡಿಸುವುದಿಲ್ಲ. ಸ್ಟುಡಿಯೋದಲ್ಲಿ ಜಾಗ ಸಾಲದೆ ಉಳಿದದ್ದನ್ನೆಲ್ಲ “ಮಾವಾ, ಸ್ವಲ್ಪ ದಿನ ಇಟ್ಟಿರ್ರಿ” ಎಂದು ಹಾನಗಲ್ಲಿಗೆ ತಂದು ಸುರಿಯುತ್ತಾನೆ.

ಇನ್ನೊಬ್ಬ ಹಿರೇಕೆರೂರಿನ ನನ್ನ ಷಡ್ಡಕ. ಅಬಲೂರು ಅವರ ತಾಲೂಕಿನಲ್ಲಿದೆ, ಸರ್ವಜ್ಞನ ಊರು. ಆ ಕಡೆಯವರಿಗೆ ತಿಳಿಯದ್ದು ಏನೂ ಇಲ್ಲವೆಂದು ಅವರೇ ಹೇಳಿಕೊಳ್ಳುತ್ತಾರೆ. ದೀಪಾವಳಿ ಬಂತೆಂದರೆ ಷಡ್ಡಕನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಹೋರಿ ಹಬ್ಬ. ಕೊರಳ ತುಂಬ ಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಲೂನು ಕಟ್ಟಿಕೊಂಡ ಹೋರಿ ಮಂದಿಯ ನಡುವೆ ನುಗ್ಗಿ ಬರುತ್ತದೆ, ಹುಡುಗರು ಕೊಬ್ಬರಿ ಹರಿಯಲು ಬೀಳುತ್ತಾರೆ. ಹೋರಿ ದಾಟಿ ಹೋಗುವುದು ಕಣ್ಣು ಮಿಟುಕಿಸುವುದರೊಳಗೆ. ಷಡ್ಡಕನ ವಿಡಿಯೋ ಮಾತ್ರ ನಾಲ್ಕು ತಾಸು. ಡ್ರೋನ್ ಒಂದು ಕಡೆ, ಮೊಬೈಲು ಮೂರು ಕಡೆ. ಅದರಲ್ಲಿ ಮುಕ್ಕಾಲು ಪಾಲು ಖಾಲಿ ರಸ್ತೆ, ಧೂಳು, ಮತ್ತು “ಏ ಬಂತಲೇ ಬಂತಲೇ” ಎನ್ನುವ ಅವನದೇ ಧ್ವನಿ. ಅಳಿಸು ಅಂದರೆ ಮುಖ ಸಣ್ಣದು ಮಾಡುತ್ತಾನೆ.

ಹೀಗೆ 2 ಟಿಬಿ ತುಂಬಿ, 3 ಟಿಬಿ ಬಂದು, 746 ಆಯಿತು. ಅಂಗಡಿಯವನ ಪರವಾಗಿ ವಕಾಲತ್ತು ವಹಿಸಲು ಹೋದ ನನಗೆ ಮಾವನವರು ಕ್ಯಾಲೆಂಡರಿನ ಹಿಂಬದಿ ಮತ್ತು ಪೆನ್ನು ಕೊಟ್ಟರು. ಲೆಕ್ಕವಿಲ್ಲದ ಮಾತು ಅವರಲ್ಲಿ ನಡೆಯುವುದಿಲ್ಲ.

ಡಿಸ್ಕಿನಲ್ಲಿ ಮಾಹಿತಿ 512 ಬೈಟಿನ ಮನೆಗಳಲ್ಲಿ ಇರುತ್ತದೆ. ಪ್ರತಿ ಮನೆಗೂ ಒಂದು ನಂಬರು. ಡಿಸ್ಕನ್ನು ಪಾಲು ಮಾಡಿ ಬರೆದಿಡುವ ಹಳೇ ಪದ್ಧತಿ ಎಂಬಿಆರ್ 1983ರದು. ಅದರಲ್ಲಿ ನಂಬರಿಗೆ ಇರುವ ಜಾಗ 32 ಬಿಟ್. ಅಂದರೆ 429 ಕೋಟಿ ಚಿಲ್ಲರೆ ಮನೆಗಳಾದ ಮೇಲೆ ಎಣಿಕೆ ಮುಗಿಯಿತು. ಅದನ್ನು 512ರಿಂದ ಗುಣಿಸಿದರೆ 2,199 ಜಿಬಿ. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವಂತೆ ಈ ಎಣಿಕೆಯೂ ತಿರುಗಿ ಬೀಳುತ್ತದೆ. ತಿರುಗಿದ ಮೇಲೆ ಎಣಿಸಿದ್ದಷ್ಟೇ ಪೆಟ್ಟಿಗೆಗೆ ಗೊತ್ತು.

“ಹಂಗಾದ್ರ 3,000ದಾಗ 2,199 ಕಳದ್ರ 801 ಬರಬೇಕು. 746 ಹೆಂಗ ಬಂತು?”

ಮಾಸ್ತರರು ಸುಮ್ಮನೆ ಮಾಸ್ತರರಾಗಿರಲಿಲ್ಲ ನೋಡಿ. ಡಿಸ್ಕು ಮಾಡುವವರು ಸಾವಿರಕ್ಕೆ ಸಾವಿರ ಎಣಿಸಿ ಮಾರುತ್ತಾರೆ, ಕಂಪ್ಯೂಟರು 1,024ಕ್ಕೆ ಒಂದು ಸಾವಿರವೆಂದು ಎಣಿಸಿ ತೋರಿಸುತ್ತದೆ. 801 ಅನ್ನು ಆ ಲೆಕ್ಕಕ್ಕೆ ಇಳಿಸಿದರೆ ಸರಿಯಾಗಿ 746. ಮಾವನವರು ಮೂರು ಸಲ ಗುಣಿಸಿ ಭಾಗಿಸಿ, ಕೊನೆಗೆ ಅಂಗಡಿಯವನನ್ನು ದೋಷಮುಕ್ತ ಮಾಡಿದರು. ಆದರೆ ಸಾವಿರಕ್ಕೆ ಎರಡು ತೂಕ ಇಟ್ಟವರನ್ನು ಇವತ್ತಿಗೂ ಕ್ಷಮಿಸಿಲ್ಲ. “ಬ್ಯಾಡಗಿ ಪ್ಯಾಟ್ಯಾಗ ಹಿಂಗ ಮಾಡಿದ್ರ ಮೆಣಸಿನಕಾಯಿ ಮುಖಕ್ಕ ಉಗ್ಗತಾರ” ಎನ್ನುತ್ತಾರೆ.

ಆ ಸಲ ಪೆಟ್ಟಿಗೆಯ ಕಂಪನಿ ಹೊಸ ಸಾಫ್ಟ್‌ವೇರ್ ಬಿಟ್ಟಿತ್ತು, ಅದನ್ನು ಹಾಕಿದ ಮೇಲೆ ಜಿಪಿಟಿ ಎಂಬ ಹೊಸ ಪದ್ಧತಿ ಬಂದು, 64 ಬಿಟ್ಟಿನ ನಂಬರಾಗಿ, 3 ಟಿಬಿ ಪೂರ್ತಿ ಕಾಣಿಸಿತು. ಎಲ್ಲ ಪೆಟ್ಟಿಗೆಗಳಿಗೂ ಈ ಭಾಗ್ಯವಿಲ್ಲ. ನೆಟ್‌ಗಿಯರಿನ ರೆಡಿನಾಸ್ ಡ್ಯುಯೋ ಮೊದಲ ಆವೃತ್ತಿಗೆ 2 ಟಿಬಿಯ ಡಿಸ್ಕೇ ಕೊನೆ; ಏನು ಮಾಡಿದರೂ ಮುಂದೆ ಹೋಗದು. ಹೀಗೆ ಗೋಡೆಗೆ ಹಣೆ ಹಾಯುವುದು ಹೊಸದೂ ಅಲ್ಲ. ಪಿಸಿಗಳಿಗೆ ಮೊದಲು 528 ಎಂಬಿಗೆ ಗೋಡೆ ಬಂತು, ಆಮೇಲೆ 8.4 ಜಿಬಿಗೆ, ಆಮೇಲೆ 137 ಜಿಬಿಗೆ. ಪ್ರತಿ ಸಲವೂ ಯಾರೋ ಒಬ್ಬ ಜಾಣ ಎಂಜಿನಿಯರು “ಇಷ್ಟು ಯಾರಿಗೆ ಬೇಕು, ಸಾಕು ಬಿಡಿ” ಅಂದಿರಬೇಕು. ಅವನಿಗೆ ನಮ್ಮ ಷಡ್ಡಕನ ಪರಿಚಯವಿರಲಿಲ್ಲ.

ಆ 3 ಟಿಬಿಯೂ ತುಂಬಿತು. ಈಗ ಮಾತು ಬಂದದ್ದು 16 ಟಿಬಿ ಡಿಸ್ಕಿನ ಜೋಡಿಗೆ. ನಾನು ಹೊಸ ಪೆಟ್ಟಿಗೆ ಕೊಳ್ಳೋಣವೆಂದೆ. ಹೇಳಬಾರದಿತ್ತು ಅನ್ನುವಂಥ ಮಾತೇನಲ್ಲ, ಆದರೆ ಮಾವನವರು ಚಷ್ಮಾ ಕೆಳಗಿಳಿಸಿ ನನ್ನನ್ನು ನೋಡಿದ ರೀತಿಗೆ ಅತ್ತೆಯವರು ಚಹಾ ತರುವ ನೆಪದಲ್ಲಿ ಒಳಗೆ ಹೋದರು. “ಅದೇನ ಹೊಟ್ಟಿಬ್ಯಾನಿ ಅಂತ ಅಂದೈತ್ಯಾ? ನಡ್ಯಾಕತ್ತಿದ್ದನ್ನ ಯಾಕ ಒಗೀತೀರಿ?” ನಮ್ಮ ಹಾವೇರಿ ಸೀಮೆಯಲ್ಲಿ ನಡೆಯುವ ವಸ್ತುವನ್ನು ಬಿಸಾಡಿದವನಿಗೆ ಹೆಣ್ಣು ಕೊಡುವುದಿಲ್ಲ. ನನಗೆ ಕೊಟ್ಟಾಗಿತ್ತು, ಆದರೂ ಸುಮ್ಮನಾದೆ.

ಕಂಪನಿಯ ಪಟ್ಟಿಯಲ್ಲಿ ಆ ಪೆಟ್ಟಿಗೆಗೆ ಆಗಿಬರುವ ದೊಡ್ಡ ಡಿಸ್ಕು ಎಂದು ಬರೆದದ್ದು 4 ಟಿಬಿ. ಇಲ್ಲೇ ಮಂದಿ ಹೆದರುವುದು. ಕಂಪನಿಯವರು ಪರೀಕ್ಷೆ ಮಾಡಿದ ದಿನ ಪೇಟೆಯಲ್ಲಿದ್ದ ದೊಡ್ಡ ಡಿಸ್ಕು ಅದು. ಆಮೇಲೆ ಆ ಪೆಟ್ಟಿಗೆಯನ್ನು ಮರೆತುಬಿಟ್ಟರು, ಪಟ್ಟಿ ಅಲ್ಲಿಗೇ ನಿಂತಿತು. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗುವುದಿಲ್ಲ ಎಂದಲ್ಲ. ಪಟ್ಟಿಯನ್ನೇ ಬೀಗ ಮಾಡುವವರೂ ಇದ್ದಾರೆನ್ನಿ. 2025ರಲ್ಲಿ ಸಿನಾಲಜಿ ಕಂಪನಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತನ್ನದೇ ಮುದ್ರೆಯ ಡಿಸ್ಕು ಬೇಕೆಂದು ಹಟ ಹಿಡಿದು, ಗಿರಾಕಿಗಳು ಬೈದ ಮೇಲೆ ಅದೇ ವರ್ಷ ಸಡಿಲ ಮಾಡಿತು. ನಮ್ಮದು ಆ ಹಟಕ್ಕಿಂತ ಎಷ್ಟೋ ಮುಂಚಿನ ಪೆಟ್ಟಿಗೆ. ಅದಕ್ಕೆ ಹಟ ಮಾಡುವಷ್ಟು ಬುದ್ಧಿಯೂ ಇಲ್ಲ.

ಹಳೇ ಪೆಟ್ಟಿಗೆ ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂಬುದು ಬೇರೆ ಲೆಕ್ಕ. ಅದರ ಪ್ರೊಸೆಸರು 32 ಬಿಟ್ಟಿನದು, ಫೈಲು ಜೋಡಿಸುವ ಕಟ್ಟು 4 ಕೆಬಿಯದು. ಮತ್ತದೇ 429 ಕೋಟಿ, ಈ ಸಲ 4 ಕೆಬಿಯಿಂದ ಗುಣಿಸಬೇಕು. ಪೆನ್ನು ಆಗಲೇ ಮಾವನವರ ಕೈಯಲ್ಲಿತ್ತು. ಡಬ್ಬದ ಮೇಲಿನ ತೂಕದಲ್ಲಿ ಹೇಳುವುದಾದರೆ 17.6 ಟಿಬಿ. 16 ಟಿಬಿ ಡಿಸ್ಕು ಹಿಡಿಸುತ್ತದೆ, 18 ಟಿಬಿಯದು ಹಿಡಿಸುವುದಿಲ್ಲ. ಷಡ್ಡಕ “ಇನ್ನೆರಡು ಸಾವಿರ ಹೆಚ್ಚಿಗಿ ಕೊಟ್ರ 18 ಬರತೈತಿ, ಹೋರಿ ಹಬ್ಬಕ್ಕ ಬೇಕಾಕ್ಕೇತಿ” ಎಂದು ಫೋನಿನಲ್ಲಿ ಒತ್ತಾಯಿಸುತ್ತಿದ್ದ. ಮಾವನವರು ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದು ಅವನಿಗೆ ಕಳಿಸಿದರು. ಸರ್ವಜ್ಞನ ತಾಲೂಕು ಮೊದಲ ಸಲ ಮೌನವಾಯಿತು.

ಡಿಸ್ಕು ಕೊಳ್ಳುವಾಗ ಇನ್ನೆರಡು ಸಣ್ಣ ಅಕ್ಷರ ಓದಬೇಕು. 2011ರ ಹೊತ್ತಿಗೆ ಹೊಸ ಡಿಸ್ಕುಗಳು ಹೆಚ್ಚಾಗಿ ಒಳಗೆ 4 ಕೆಬಿಯ ಮನೆ ಕಟ್ಟಿಕೊಂಡವು. ಹೊರಗೆ ಮಾತ್ರ ಹಳೇ ಸಂಬಂಧಿಕರಿಗಾಗಿ 512 ಎಂದೇ ಹೇಳುತ್ತವೆ. ಅಂಥದಕ್ಕೆ 512ಇ ಎಂದು ಗುರುತು. 4ಕೆಎನ್ ಎಂದು ಬರೆದಿದ್ದರೆ ಅದು ಸುಳ್ಳು ಹೇಳದ ಜಾತಿ, ಹಳೇ ಪೆಟ್ಟಿಗೆ ಅದನ್ನು ಗುರುತಿಸುವುದೇ ಇಲ್ಲ. ಎರಡನೆಯದು ಎಸ್‌ಎಂಆರ್. ಬರೆಯುವ ಪಟ್ಟಿಗಳನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಹೊದಿಸುವ ವಿದ್ಯೆ. ಓದಲು ಅಡ್ಡಿಯಿಲ್ಲ, ನಡುವೆ ತಿದ್ದಲು ಹೋದರೆ ಪಕ್ಕದ ಪಟ್ಟಿಗಳನ್ನೆಲ್ಲ ಮತ್ತೆ ಬರೆಯಬೇಕು. ಡಿಸ್ಕು ಬದಲಿಸಿ ನಕಲು ಇಳಿಸುವಾಗ ತೆವಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ನ್ಯಾಸ್ ಡಿಸ್ಕುಗಳಲ್ಲಿ ಇದನ್ನು ಹೇಳದೆ ಇಟ್ಟದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಆಮೇಲೆ ಹಾಗೆ ಹೊದಿಸದ ಸಿಎಂಆರ್ ಡಿಸ್ಕಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟರು. ಸಿಎಂಆರ್ ಎಂದಿದ್ದರೆ ಕಣ್ಣು ಮುಚ್ಚಿ ತರಬಹುದು.

ಡಿಸ್ಕು ಬಂತು. ಟ್ರೇಯಲ್ಲಿ ಕೂರಲಿಲ್ಲ. ದೊಡ್ಡ ಡಿಸ್ಕಿನ ಹೊಟ್ಟೆಯಲ್ಲಿ ತಟ್ಟೆಗಳು ಹೆಚ್ಚು, ಹೀಗಾಗಿ ಹಲವು ಮಾದರಿಗಳಲ್ಲಿ ನಡುವಿನ ಸ್ಕ್ರೂ ತೂತು ಇರುವುದಿಲ್ಲ. ಹಳೇ ಟ್ರೇ ಅಲ್ಲೇ ತೂತು ಹುಡುಕುತ್ತದೆ. ಮಾವನವರು ಡ್ರಿಲ್ ತರಿಸಿದರು. ತೂತು ಟ್ರೇಗೆ ಹೊಡೆಯಬೇಕು, ಡಿಸ್ಕಿಗಲ್ಲ ಎಂದು ನಾನು ವಿಡಿಯೋ ಕಾಲಿನಲ್ಲಿ ಕೂಗಿದ್ದು ಪಕ್ಕದ ಮನೆಯವರಿಗೆಲ್ಲ ಕೇಳಿಸಿತಂತೆ. ಈ ಡಿಸ್ಕುಗಳೊಳಗೆ ಗಾಳಿಯಲ್ಲ, ಹೀಲಿಯಂ ತುಂಬಿ ಬೆಸುಗೆ ಹಾಕಿರುತ್ತಾರೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ 6 ಟಿಬಿಗೆ ಶುರು ಮಾಡಿದ್ದು. ತೂತು ಬಿದ್ದರೆ ಹೀಲಿಯಂ ಹಾನಗಲ್ಲಿನ ಆನೆಕೆರೆ ದಂಡೆಯ ಗಾಳಿಗೆ ಸೇರುತ್ತದೆ, ಮದುವೆಗಳು ಎಲ್ಲಿಗೆ ಸೇರುತ್ತವೋ.

ಅಷ್ಟರಲ್ಲಿ ಸವಣೂರಿನಿಂದ ಕೂಗು ಬಂತು. ಸ್ಟುಡಿಯೋದವನೂ ಅದೇ ಅಂಗಡಿಯಿಂದ ಅದೇ ಮಾದರಿಯ ಡಿಸ್ಕು ತಂದಿದ್ದ. ಅವನದು ಕೊಂಡ ಪೆಟ್ಟಿಗೆಯಲ್ಲ. ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ತಾನೇ ಕಟ್ಟಿಕೊಂಡ ನ್ಯಾಸ್. “ಭಾವಾರ, ಡಿಸ್ಕ್ ಸತ್ತೈತ್ರಿ. ತಿರಗವಲ್ದು, ಸಪ್ಪಳಿಲ್ಲ, ಬಿಸಿನೂ ಇಲ್ಲ.” ಅದನ್ನು ಹಾನಗಲ್ಲಿಗೆ ತಂದು ಮಾವನವರ ಪೆಟ್ಟಿಗೆಯಲ್ಲಿ ಹಾಕಿದರೆ ಮಗುವಿನ ಹಾಗೆ ಎದ್ದಿತು. ತಿರುಗಿ ಸವಣೂರಿಗೆ ಒಯ್ದರೆ ಮತ್ತೆ ಹೆಣ. ಮಾವನವರ ಡಿಸ್ಕನ್ನೇ ಸವಣೂರಿಗೆ ಒಯ್ದು ನೋಡಿದರು, ಅದೂ ಸತ್ತಿತು. ವಾಪಸ್ ತಂದರು, ಬದುಕಿತು. ಬಸ್ಸಿನ ಕಂಡಕ್ಟರಿಗೂ ಸುದ್ದಿ ತಿಳಿದು ವಿಚಾರಿಸಿಕೊಳ್ಳತೊಡಗಿದ. ಷಡ್ಡಕನಿಗೆ ಮತ್ತೆ ಬಾಯಿ ಬಂತು: ಸ್ಟುಡಿಯೋದ ಬಾಗಿಲು ದಕ್ಷಿಣಕ್ಕಿದೆ, ಯಂತ್ರ ಆಗ್ನೇಯಕ್ಕೆ ತಿರುಗಲಿ.

ಬಗೆಹರಿಸಿದವರು ಶಿಗ್ಗಾಂವಿ ಕಾಕಾ. ಮಾವನವರ ತಮ್ಮ. ರೇಡಿಯೋ ಕಾಲದಿಂದ ರಿಪೇರಿ ಅಂಗಡಿ ನಡೆಸಿದವರು, ಈಗ ಕಣ್ಣು ಮಂದ, ಕೈ ಮಂದವಲ್ಲ. ಮಾತು ಕಡಿಮೆ. ಮೀಟರಿನ ಎರಡು ಕಡ್ಡಿ ಹಿಡಿದು, ಸವಣೂರಿನ ಯಂತ್ರದಲ್ಲಿ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಪವರ್ ಕನೆಕ್ಟರಿನ ಹದಿನೈದು ಪಿನ್ನಿಗೂ ಒಂದೊಂದಾಗಿ ಮುಟ್ಟಿಸುತ್ತ ಹೋದರು. ಮೊದಲ ಮೂರರಲ್ಲಿ 3.3 ವೋಲ್ಟ್. “ಇದು ಯಾಕ ಬರತೈತಿ?” ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಈ ಪಿನ್ನುಗಳಲ್ಲಿ 3.3 ವೋಲ್ಟ್ ಬರುವುದು ಮೊದಲಿನಿಂದಲೂ ನಿಯಮ, ಆದರೆ ದೊಡ್ಡ ಡಿಸ್ಕುಗಳಿಗೆ ಅದು ಬೇಕಾಗಿರಲಿಲ್ಲ, 5 ಮತ್ತು 12 ವೋಲ್ಟಿನ ಮೇಲೆ ಅವು ಬದುಕುತ್ತಿದ್ದವು. 2016ರಲ್ಲಿ ಸಾಟಾ ನಿಯಮದ 3.3ನೇ ಆವೃತ್ತಿ ಬಂದಾಗ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಅಲ್ಲಿ ಕರೆಂಟು ಬಂದರೆ ಡಿಸ್ಕು ಆರಿಕೊಳ್ಳಬೇಕು. ಸಾವಿರಾರು ಡಿಸ್ಕು ಇಟ್ಟುಕೊಂಡ ಡೇಟಾ ಸೆಂಟರುಗಳಲ್ಲಿ ಸಿಕ್ಕಿಹಾಕಿಕೊಂಡ ಒಂದನ್ನು ದೂರದಿಂದಲೇ ಆರಿಸಿ ಹಚ್ಚಲು ಮಾಡಿದ ಸೌಕರ್ಯ ಇದು. ಸವಣೂರಿನ ಹಳೇ ಪವರ್ ಸಪ್ಲೈಗೆ ಇದು ಗೊತ್ತಿಲ್ಲ. ಅದು ಹಿಂದಿನ ಶಿಸ್ತಿನಂತೆ ಮೂರನೇ ಪಿನ್ನಿಗೂ ನಿಷ್ಠೆಯಿಂದ ಕರೆಂಟು ಕೊಡುತ್ತಿತ್ತು, ಡಿಸ್ಕು ಅಷ್ಟೇ ನಿಷ್ಠೆಯಿಂದ ಆರಿಕೊಂಡು ಕೂತಿತ್ತು. ಇಬ್ಬರೂ ಆಜ್ಞೆ ಪಾಲಿಸುತ್ತಿದ್ದರು. ಹಾನಗಲ್ಲಿನ ಪೆಟ್ಟಿಗೆಯಲ್ಲಿ ಆ 3.3 ವೋಲ್ಟಿನ ತಂತಿಯನ್ನೇ ಎಳೆದಿರಲಿಲ್ಲ, ದುಡ್ಡು ಉಳಿಸಿದ್ದರು. ಆ ಜಿಪುಣತನವೇ ಕಾಪಾಡಿತು. ಇದನ್ನು ಕೇಳಿ ಮಾವನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕಾಕಾ ಪಕ್ಕದ ಮೊಬೈಲ್ ರಿಪೇರಿ ಹುಡುಗನಿಂದ ಬಿಸಿ ತಾಳುವ ಹಳದಿ ಕ್ಯಾಪ್ಟನ್ ಟೇಪು ಇಸಿದುಕೊಂಡು, ಬ್ಲೇಡಿನಲ್ಲಿ ಎಳೆ ಸೀಳಿ, ಡಿಸ್ಕಿನ ಮೂರನೇ ಪಿನ್ನಿನ ಮೇಲೆ ಅಂಟಿಸಿದರು. ಅದರ ಸರಿಯಾದ ಹೆಸರು ಕ್ಯಾಪ್ಟಾನ್. ಶಿಗ್ಗಾಂವಿಯಲ್ಲಿ ಅದಕ್ಕೆ ಬಡ್ತಿ ಸಿಕ್ಕಿದೆ. ಹಚ್ಚಿದ ಕೂಡಲೆ ಡಿಸ್ಕು ತಿರುಗಿತು. ಖರ್ಚು ಸೊನ್ನೆ. ಮರುದಿನ ಷಡ್ಡಕ ಫೋನ್ ಮಾಡಿ, ಯಂತ್ರ ಕೊನೆಗೂ ಯಾವ ದಿಕ್ಕಿಗೆ ತಿರುಗಿಸಿದಿರಿ ಅಂದ.

ಕಾಕಾ ಮಾವನವರ ಪೆಟ್ಟಿಗೆಯ ಅಡಾಪ್ಟರನ್ನೂ ಅಳೆದು ತಲೆಯಾಡಿಸಿದರು. ಡಿಸ್ಕು ನಿಂತಲ್ಲಿಂದ ಏಳುವಾಗ 12 ವೋಲ್ಟಿನಲ್ಲಿ 2 ಆಂಪಿಯರಿನವರೆಗೂ ಎಳೆಯುತ್ತದೆ. ಎರಡು ಒಟ್ಟಿಗೆ ಎದ್ದರೆ ವಯಸ್ಸಾದ ಅಡಾಪ್ಟರು ಕುಸಿಯುತ್ತದೆ, ಪೆಟ್ಟಿಗೆ ತಾನೇ ಆರಿ ಹತ್ತುತ್ತದೆ, ಮಂದಿ ಡಿಸ್ಕಿಗೆ ಬೈಯುತ್ತಾರೆ. ಅದೇ ವೋಲ್ಟು, ಅದೇ ಪಿನ್ನು, ಒಂದಿಷ್ಟು ಹೆಚ್ಚಿನ ಆಂಪಿಯರಿನ ಅಡಾಪ್ಟರು ಹಾಕಿದರೆ ತೀರಿತು. ಹಾಕಿದರು.

ಇನ್ನು ನಕಲು ಇಳಿಸುವುದು. ಒಂದು ಹಳೇ ಡಿಸ್ಕು ತೆಗೆದು ಹೊಸದು ಹಾಕಿ, ಅದು ತುಂಬುವವರೆಗೆ ಕಾದು, ಆಮೇಲೆ ಎರಡನೆಯದು. ಸೆಕೆಂಡಿಗೆ 50 ಎಂಬಿ ಓಡುವ ಪೆಟ್ಟಿಗೆಯಲ್ಲಿ 3 ಟಿಬಿಗೆ ಸುಮಾರು 17 ಗಂಟೆ; ಎರಡು ಸುತ್ತು. ಕೊನೆಗೆ ಜಾಗ ಹಿಗ್ಗಿಸುವಾಗ ಉಳಿದ 13 ಟಿಬಿಯನ್ನೂ ಎರಡೂ ಡಿಸ್ಕು ಹೊಂದಿಸಿಕೊಳ್ಳಬೇಕು, ಅದಕ್ಕೆ 72 ಗಂಟೆ. ಈ ಅವಧಿಯಲ್ಲಿ ಮಾವನವರ ಮನೆಯಲ್ಲಿ ಮಿಕ್ಸರು ನಿಷೇಧ, ಇಸ್ತ್ರಿ ನಿಷೇಧ. ಯುಪಿಎಸ್ ಇದ್ದರೂ ನಂಬಿಕೆ ಇಲ್ಲ. ರಾತ್ರಿ ಎದ್ದೆದ್ದು ಶೇಕಡಾ ಎಷ್ಟಾಯಿತೆಂದು ನೋಡಿ ಕ್ಯಾಲೆಂಡರಿನಲ್ಲಿ ಬರೆದರು. ಮೂರು ದಿನ ಕೈಯಲ್ಲಿ ಚಟ್ನಿ ಅರೆದ ಅತ್ತೆಯವರು ಕಡೆಗೊಮ್ಮೆ ಕೇಳಿದರು: “ಅಲ್ರೀ, ಅದರಾಗ ಇರೋದನ್ನ ಒಂದ್ಸಲರೆ ಯಾರರೆ ತಗದು ನೋಡೀರೇನು?”

ನೋಡೋಣವೆಂದು ಮಗಳ ಹೊಸ ಲ್ಯಾಪ್‌ಟಾಪ್ ತೆಗೆದರೆ ಪೆಟ್ಟಿಗೆಯೇ ಕಾಣಿಸಲಿಲ್ಲ. ಡಿಸ್ಕಿನ ತಪ್ಪಲ್ಲ. ಹಳೇ ಪೆಟ್ಟಿಗೆ ಆಡುತ್ತಿದ್ದದ್ದು ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಭಾಷೆಯ ಮೊದಲ ಆವೃತ್ತಿ. 2017ರಲ್ಲಿ ವಾನಾಕ್ರೈ ಎಂಬ ವೈರಸ್ ಅದೇ ಕಿಂಡಿಯಿಂದ ನುಗ್ಗಿ ಜಗತ್ತನ್ನು ಅಳುವಂತೆ ಮಾಡಿತು. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ ಅದಕ್ಕೆ ಓಗೊಡುವುದಿಲ್ಲ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಎರಡನೇ ಆವೃತ್ತಿ ಇತ್ತು, ಹಚ್ಚಿದೆವು. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಬಾಗಿಲು ತೆಗೆದಿಡುವುದಕ್ಕಿಂತ ಟಿವಿಯಲ್ಲೇ ನೋಡುವುದು ಮೇಲು. ಇದೇ ಮಾತಿಗೆ ಷಡ್ಡಕ ಹಿರೇಕೆರೂರಿನಲ್ಲಿ ಕೂತೇ ಹೋರಿ ನೋಡುವಂತೆ ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ತೆರೆದಿಡಲು ಹೇಳಿದ. ಆಗುವುದಿಲ್ಲ ಅಂದೆ. ಮೈ ಬುಕ್ ಲೈವ್ ಎಂಬ ಪೆಟ್ಟಿಗೆಗಳಿಗೆ 2015ರ ನಂತರ ಕಂಪನಿ ಸಾಫ್ಟ್‌ವೇರ್ ರಿಪೇರಿ ನಿಲ್ಲಿಸಿತ್ತು. 2021ರ ಜೂನಿನಲ್ಲಿ ಯಾರೋ ದೂರದಿಂದಲೇ ಅವುಗಳಲ್ಲಿದ್ದದ್ದನ್ನು ಒರೆಸಿ ಹಾಕಿದರು. ಜನ ಬೆಳಿಗ್ಗೆ ಎದ್ದು ನೋಡಿದರೆ ಖಾಲಿ. ಅತ್ತೆಯವರು ಇದನ್ನು ಕೇಳಿ, ತುಸು ಆಸೆಯಿಂದಲೇ, “ಹೌದಾ?” ಅಂದರು.

ಈಗ ಪೆಟ್ಟಿಗೆ 14.55 ಎಂದು ತೋರಿಸುತ್ತಿದೆ. ಮಾವನವರು ಲೆಕ್ಕ ಹಾಕಿ ಸರಿ ಎಂದು ಒಪ್ಪಿದ್ದಾರೆ. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿ ಇದ್ದರೂ ಅದು ಬ್ಯಾಕಪ್ ಆಗುವುದಿಲ್ಲ, ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ, ಆದ್ದರಿಂದ ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ ಎಂದು ನಾನು ತಿಳಿಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ರಾತ್ರಿ ಫೋನ್ ಬಂತು.

“ಅಳಿಯಾರ, ನೀವು ಹೇಳಿದ್ದು ಖರೇ ಐತಿ. ಪೆಟ್ಟಿಗ್ಯಾಗಿಂದ ತಗದ ಎರಡೂ 3 ಟಿಬಿ ಡಿಸ್ಕ್ ಅದಾವಲ್ಲ, ಛಲೋ ನಡೀತಾವ. ಅವನ್ನ ಶಿಗ್ಗಾಂವಿಗೆ ಕಳಸ್ತೀನಿ. ಅವಕ್ಕ ಹೊಂದೋದು ಒಂದು ಹಳೇ ಪೆಟ್ಟಿಗಿ ಎಲ್ಲೆರ ಸಿಕ್ರ ನೋಡ್ರಿ.”